ಕೊನೆಯ ಸಂಬಳ

ಪಶ್ಚಿಮ ರೋಮ್ ಸಾಮ್ರಾಜ್ಯ ಕ್ರಿ.ಶ. 476ರಲ್ಲಿ ಅಳಿಯಿತೆಂದು ನಾವೆಲ್ಲರೂ ಶಾಲೆಯಲ್ಲಿ ಬಾಯಿಪಾಠ ಮಾಡಿದವರೇ. ಆ ವರ್ಷದ ಸೆಪ್ಟೆಂಬರ್ 4ರಂದು ಒಡೊಏಸರ್ ಎಂಬ ಸೇನಾನಿ ಇಟಲಿಯ ರವೆನ್ನಾ ನಗರದಲ್ಲಿ ರೋಮುಲಸ್ ಎಂಬ ಬಾಲಚಕ್ರವರ್ತಿಯನ್ನು ಪಟ್ಟದಿಂದ ಇಳಿಸಿದ. ರೋಮ್ ನಗರವನ್ನು ಕಟ್ಟಿದನೆಂದು ಐತಿಹ್ಯ ಹೇಳುವ ಪುರುಷನ ಹೆಸರೂ ರೋಮುಲಸ್. ಮೊದಲ ಚಕ್ರವರ್ತಿಯ ಬಿರುದು ಆಗಸ್ಟಸ್. ಎರಡನ್ನೂ ಒಟ್ಟಿಗೆ ಹೊತ್ತಿದ್ದ ಈ ಹುಡುಗನನ್ನು ‘ಆಗಸ್ಟುಲಸ್’, ಎಂದರೆ ಪುಟ್ಟ ಆಗಸ್ಟಸ್, ಎಂದು ಜನ ಹಾಸ್ಯಮಾಡಿದರು. ಒಡೊಏಸರ್ ಅವನನ್ನು ಕೊಲ್ಲಲಿಲ್ಲ. ಎಳೆಯ ವಯಸ್ಸನ್ನೂ ಚೆಲುವಾದ ಮುಖವನ್ನೂ ಕಂಡು ಕನಿಕರಗೊಂಡನೆಂದು ಹಳೆಯ ದಾಖಲೆಯೊಂದು ಹೇಳುತ್ತದೆ. ವರ್ಷಕ್ಕೆ 6,000 ಚಿನ್ನದ ನಾಣ್ಯಗಳ ವರ್ಷಾಶನವನ್ನು ಗೊತ್ತುಮಾಡಿ, ನೇಪಲ್ಸ್ ಬಳಿಯ ಕಡಲತೀರದ ಲುಕುಲ್ಲಾನಮ್ ಎಂಬ ಕೋಟೆಮನೆಗೆ ಅವನನ್ನು ಕಳುಹಿಸಿಕೊಟ್ಟ.

ಅಂದು ಲೋಕವೇನೂ ತಲ್ಲಣಿಸಲಿಲ್ಲ. ರೋಮಿನ ಸೆನೆಟ್ ಸಭೆ ಎಂದಿನಂತೆ ಸೇರಿತು. ಆ ಹುಡುಗನೊಡನೆ ಪಶ್ಚಿಮದ ಸಾಮ್ರಾಜ್ಯವೇ ಮುಗಿಯಿತೆಂದು ಸ್ಪಷ್ಟವಾಗಿ ಬರೆದಿಟ್ಟವನು, ನಮಗೆ ದೊರೆತಿರುವ ಬರಹಗಳ ಮಟ್ಟಿಗೆ, ಸುಮಾರು ನಾಲ್ಕು ದಶಕಗಳ ಅನಂತರ ದೂರದ ಕಾನ್‌ಸ್ಟಾಂಟಿನೋಪಲಿನಲ್ಲಿ ಕುಳಿತು ವರ್ಷಾನುಚರಿತೆ ಬರೆದ ಮಾರ್ಸೆಲ್ಲಿನಸ್ ಎಂಬ ಅಧಿಕಾರಿ. ಹಾಗಾದರೆ ಸಾಮ್ರಾಜ್ಯ ಬಿದ್ದದ್ದು ಎಂದು? ಬಿದ್ದಾಗ ಅದು ಯಾರ ಮೇಲೆ ಬಿತ್ತು?

ಏಕೆ ಬಿತ್ತು ಎಂಬ ಪ್ರಶ್ನೆಗೆ ಉತ್ತರಗಳ ಕೊರತೆ ಎಂದೂ ಇಲ್ಲ. ಇಂಗ್ಲೆಂಡಿನ ಎಡ್ವರ್ಡ್ ಗಿಬ್ಬನ್ 1776ರಿಂದ 1788ರವರೆಗೆ ತನ್ನ ಮಹಾಗ್ರಂಥದ ಸಂಪುಟಗಳನ್ನು ಒಂದೊಂದಾಗಿ ಪ್ರಕಟಿಸಿದ ಮೇಲೆ ಈ ಚರ್ಚೆ ನಿಂತೇ ಇಲ್ಲ. ಅಲೆಕ್ಸಾಂಡರ್ ಡೆಮಾಂಟ್ ಎಂಬ ಜರ್ಮನ್ ಇತಿಹಾಸಕಾರ 1984ರಲ್ಲಿ, ಅಲ್ಲಿಯವರೆಗೆ ವಿದ್ವಾಂಸರು ಕೊಟ್ಟಿದ್ದ ಕಾರಣಗಳನ್ನೆಲ್ಲ ಕಲೆಹಾಕಿದ. ಪಟ್ಟಿ 210ಕ್ಕೆ ಮುಟ್ಟಿತು. ಒಂದು ಸಾಮ್ರಾಜ್ಯ ಸಾಯುವುದಕ್ಕೆ ಇನ್ನೂರಹತ್ತು ಕಾರಣಗಳು ಬೇಕಾದರೆ ಅದು ಅಷ್ಟು ಕಾಲ ಬದುಕಿದ್ದೇ ಸೋಜಿಗವೆನ್ನಬೇಕು! ಈ ಅಲ್ಪ ಸಮಯದಲ್ಲಿ ಆ ಪಟ್ಟಿಯ ಗೊಡವೆಗೆ ನಾನು ಹೋಗುವುದಿಲ್ಲ. ಅರಮನೆಯನ್ನು ಬಿಟ್ಟು ಗಡಿಗೆ, ಡ್ಯಾನ್ಯೂಬ್ ನದಿಯ ದಂಡೆಗೆ, ಕೇಳುಗರನ್ನು ಕರೆದೊಯ್ಯಲು ಇಚ್ಛಿಸುತ್ತೇನೆ.

ಇಂದಿನ ಆಸ್ಟ್ರಿಯ ದೇಶದ ಬಹುಭಾಗ ಆಗ ನೋರಿಕಮ್ ಎಂಬ ರೋಮನ್ ಪ್ರಾಂತವಾಗಿತ್ತು. ಅದರ ಉತ್ತರದ ಎಲ್ಲೆ ಡ್ಯಾನ್ಯೂಬ್. ನದಿಯ ಈಚೆಗೆ ಸಾಲಾಗಿ ರೋಮನರ ಕೋಟೆಗಳು, ಆಚೆಗೆ ರೋಮನರು ಬರ್ಬರರೆಂದು ಕರೆಯುತ್ತಿದ್ದ ಜರ್ಮಾನಿಕ್ ಕುಲಗಳು. ಐದನೆಯ ಶತಮಾನದ ಉತ್ತರಾರ್ಧದಲ್ಲಿ ಈ ತೀರದ ಊರುಗಳಲ್ಲಿ ಸೆವೆರಿನಸ್ ಎಂಬ ಕ್ರೈಸ್ತ ಸಂನ್ಯಾಸಿ ಬಾಳಿದ. ಅವನು 482ರಲ್ಲಿ ತೀರಿಕೊಂಡ. ಅವನ ಶಿಷ್ಯವರ್ಗದ ಯೂಗಿಪ್ಪಿಯಸ್ 511ರಲ್ಲಿ ಗುರುವಿನ ಚರಿತ್ರೆಯನ್ನು ಬರೆದ. ಸಂತರ ಚರಿತ್ರೆಯೆಂದ ಮೇಲೆ ಪವಾಡಗಳು ಇದ್ದೇ ಇರುತ್ತವೆ. ಆದರೆ ಪವಾಡಗಳ ಸಂದಿಯಲ್ಲಿ ಊರಿನ ದಿನಚರಿ ಇಣುಕುತ್ತದೆ: ಫವಿಯಾನಿಸ್ ಎಂಬ ಊರಿಗೆ ಬರ ಬಂದದ್ದು, ಪ್ರೋಕುಲ ಎಂಬ ವಿಧವೆ ದವಸವನ್ನು ಬಚ್ಚಿಟ್ಟದ್ದು, ಇನ್ ನದಿಯ ಹಿಮಗಡ್ಡೆ ಕರಗಿದ ಮೇಲೆ ಧಾನ್ಯದ ದೋಣಿಗಳು ತೇಲಿ ಬಂದದ್ದು. ಅರಮನೆಯ ಇತಿಹಾಸಕಾರರಿಗೆ ಇಂಥವು ಕಣ್ಣಿಗೆ ಬೀಳುವುದಿಲ್ಲ.

ಆ ಪುಸ್ತಕದಲ್ಲಿ ಒಂದು ಪುಟ್ಟ ಅಧ್ಯಾಯವಿದೆ. ಸಾಮ್ರಾಜ್ಯ ಇನ್ನೂ ನಿಂತಿದ್ದ ಕಾಲದಲ್ಲಿ ಗಡಿಯ ಊರೂರುಗಳ ಸೈನಿಕರು ಸರ್ಕಾರಿ ಬೊಕ್ಕಸದ ಸಂಬಳದಿಂದ ಬದುಕುತ್ತಿದ್ದರು. ಆ ಪದ್ಧತಿ ನಿಂತದ್ದೇ ತಡ, ಸೈನಿಕರ ತುಕಡಿಗಳೂ ಗಡಿಯೂ ಒಟ್ಟಿಗೇ ಅಳಿಸಿಹೋದವು ಎಂದು ಯೂಗಿಪ್ಪಿಯಸ್ ಹೇಳುತ್ತಾನೆ. ಬಟಾವಿಸ್ ಎಂಬ ಊರಿನ ತುಕಡಿಯೊಂದು ಮಾತ್ರ ಚೆದುರದೆ ಉಳಿಯಿತು. ಇಂದು ಜರ್ಮನಿಯ ಅಂಚಿನಲ್ಲಿ, ಇನ್ ನದಿ ಡ್ಯಾನ್ಯೂಬನ್ನು ಕೂಡುವೆಡೆಯಲ್ಲಿರುವ ಪಸ್ಸಾವ್ ಪಟ್ಟಣವೇ ಆ ಬಟಾವಿಸ್. ಈಗಿನ ನೆದರ್ಲೆಂಡ್ಸ್ ಸೀಮೆಯ ಬಟಾವಿಯನ್ ಜನರ ತುಕಡಿಯನ್ನು ಹಿಂದೆ ಅಲ್ಲಿ ಇರಿಸಿದ್ದರಿಂದ ಆ ಹೆಸರು ಬಂದಿತ್ತು. ಆ ತುಕಡಿಯ ಕೆಲವರು ತಮ್ಮ ಜೊತೆಗಾರರ ಕೊನೆಯ ಸಂಬಳವನ್ನು ತರುವುದಕ್ಕಾಗಿ ಇಟಲಿಗೆ ಹೊರಟರು. ಮುಂದೆ ಆಲ್ಪ್ಸ್ ಪರ್ವತ. ದಾರಿಯಲ್ಲಿ ಬರ್ಬರರು ಅವರನ್ನು ಕೊಂದುಹಾಕಿದರು. ಊರಿನಲ್ಲಿ ಯಾರಿಗೂ ಇದು ತಿಳಿಯದು. ಒಂದು ದಿನ ಸೆವೆರಿನಸ್ ತನ್ನ ಕೋಣೆಯಲ್ಲಿ ಓದುತ್ತಿದ್ದವನು ಥಟ್ಟನೆ ಪುಸ್ತಕವನ್ನು ಮುಚ್ಚಿ, ನಿಟ್ಟುಸಿರಿಟ್ಟು ಅಳತೊಡಗಿದ. ನದಿಗೆ ಓಡಿಹೋಗಿರಿ, ಅದು ಮನುಷ್ಯರ ನೆತ್ತರಿನಿಂದ ಕೆಂಪಾಗುತ್ತಿದೆ ಎಂದ. ಅಷ್ಟರಲ್ಲೇ, ಸೈನಿಕರ ಹೆಣಗಳು ಪ್ರವಾಹದಲ್ಲಿ ತೇಲಿ ಬಂದು ದಡ ಸೇರಿವೆಯೆಂಬ ಸುದ್ದಿ ಬಂತು.

ಗಿಬ್ಬನ್ನನ ಸಂಪುಟಗಳಲ್ಲಿ ದೊಡ್ಡ ಯುದ್ಧಗಳಿವೆ, ದೊಡ್ಡ ವಾಕ್ಯಗಳಿವೆ. ನನಗೆ ಮಾತ್ರ ರೋಮಿನ ಅಳಿವು ಕಾಣಿಸುವುದು ಈ ಹತ್ತು ಸಾಲುಗಳಲ್ಲಿ. ಆ ಜನ ದಂಗೆಯೇಳಲಿಲ್ಲ, ಊರು ಬಿಟ್ಟು ಓಡಲಿಲ್ಲ. ಬಾಕಿ ಬರಬೇಕಾದ ಸಂಬಳವನ್ನು ಕೇಳಲು ಹೋದರು. ಕೊಡುವವರು ಇನ್ನೂ ಇದ್ದಾರೆಂದು ಅವರು ನಂಬಿದ್ದರು.

ಈ ಸಂಬಳವೆಂಬುದು ಏನು ಎಂಬುದನ್ನು ಸ್ವಲ್ಪ ವಿಚಾರಿಸಬೇಕು. ರೋಮ್ ಸಾಮ್ರಾಜ್ಯವೆಂಬುದು ಮೂಲತಃ ಒಂದು ಹರಿವಿನ ವ್ಯವಸ್ಥೆ. ಒಳನಾಡಿನ ರೈತ ಕಂದಾಯ ಕೊಡುತ್ತಾನೆ. ಅದು ಧಾನ್ಯವಾಗಿ, ಬಟ್ಟೆಯಾಗಿ, ನಾಣ್ಯವಾಗಿ ಗಡಿಗೆ ಹರಿಯುತ್ತದೆ. ಗಡಿಯ ಸೈನಿಕ ಅದನ್ನು ಉಂಡು ಉಟ್ಟು ಖರ್ಚುಮಾಡಿ ರೈತನನ್ನು ಕಾಯುತ್ತಾನೆ. ಈ ಸುತ್ತು ತಿರುಗುತ್ತಿರುವವರೆಗೆ ಸಾಮ್ರಾಜ್ಯವುಂಟು. ಮೂರನೆಯ ಶತಮಾನದಲ್ಲಿ ಇದು ಒಮ್ಮೆ ಕೆಟ್ಟು ನಿಂತಿತ್ತು. 235ರಿಂದ ಅರ್ಧ ಶತಮಾನದ ಕಾಲ ಸೈನ್ಯಗಳು ಚಕ್ರವರ್ತಿಗಳನ್ನು ಏರಿಸಿದವು, ಇಳಿಸಿದವು. 260ರಲ್ಲಿ ವಲೇರಿಯನ್ ಚಕ್ರವರ್ತಿ ಪರ್ಷಿಯದ ಶಾಪುರನ ಕೈಗೆ ಸೆರೆಯಾಳಾಗಿ ಸಿಕ್ಕಿದ. ಬೆಂಗಳೂರಿನ ಯಶವಂತಪುರದಲ್ಲಿ, ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಆಗಸ್ಟಸ್, ಟೈಬೀರಿಯಸ್ ಮೊದಲಾದವರ ಬೆಳ್ಳಿಯ ದಿನಾರಿಗಳು ನಮ್ಮ ಮಣ್ಣಿನಲ್ಲೇ ಸಿಕ್ಕಿವೆಯಷ್ಟೆ. ಅವು ಹೆಚ್ಚುಕಡಮೆ ಅಪ್ಪಟ ಬೆಳ್ಳಿ. 260ರ ದಶಕ ಮುಗಿಯುವ ಹೊತ್ತಿಗೆ ಬೆಳ್ಳಿಯೆಂದು ಹೇಳಿಕೊಂಡು ಹೊರಟ ರೋಮನ್ ನಾಣ್ಯದಲ್ಲಿ ಬೆಳ್ಳಿ ನೂರಕ್ಕೆ ಐದು ಪಾಲೂ ಉಳಿದಿರಲಿಲ್ಲ. ಆದರೂ ಸಾಮ್ರಾಜ್ಯ ಚೇತರಿಸಿಕೊಂಡಿತು. 284ರಲ್ಲಿ ಪಟ್ಟಕ್ಕೆ ಬಂದ ಡಯೋಕ್ಲೀಷಿಯನ್ ಕಂದಾಯವನ್ನು ಹೊಸದಾಗಿ ಗೊತ್ತುಮಾಡಿದ. ಅನಂತರ ಬಂದ ಕಾನ್‌ಸ್ಟಂಟೈನ್ ಒಂದು ರೋಮನ್ ಪೌಂಡು ಚಿನ್ನಕ್ಕೆ 72ರಂತೆ ‘ಸಾಲಿಡಸ್’ ಎಂಬ ನಾಣ್ಯವನ್ನು ಹೊರಡಿಸಿದ. 330ರಲ್ಲಿ ಪೂರ್ವದಲ್ಲಿ ತನ್ನ ಹೆಸರಿನ ಹೊಸ ರಾಜಧಾನಿಯನ್ನು ಪ್ರತಿಷ್ಠಾಪಿಸಿದ. ಒಮ್ಮೆ ಮುರಿದು ಮತ್ತೆ ಕೂಡಿಕೊಂಡ ವ್ಯವಸ್ಥೆ ಎರಡನೆಯ ಸಲ ಏಕೆ ಕೂಡಿಕೊಳ್ಳಲಿಲ್ಲ ಎಂಬುದೇ ನಿಜವಾದ ಪ್ರಶ್ನೆ.

ಕಥೆ 376ರಲ್ಲಿ ಆರಂಭವಾಗುತ್ತದೆ. ಮಧ್ಯ ಏಷ್ಯದ ಕಡೆಯಿಂದ ಬಂದ ಹೂಣರ ಹೊಡೆತಕ್ಕೆ ಸಿಕ್ಕಿ ಗಾಥ್ ಜನರು ಡ್ಯಾನ್ಯೂಬ್ ದಂಡೆಗೆ ಬಂದು ಆಶ್ರಯ ಬೇಡಿದರು. ದಂಡೆತ್ತಿ ಬಂದವರಲ್ಲ, ಹೆಂಡಿರು ಮಕ್ಕಳೊಡನೆ ಬಂದ ನಿರಾಶ್ರಿತರು. ಚಕ್ರವರ್ತಿ ವಾಲೆನ್ಸ್ ಒಪ್ಪಿಗೆಯಿತ್ತ. ಸೈನ್ಯಕ್ಕೆ ಆಳುಗಳು ಸಿಕ್ಕುತ್ತಾರೆಂಬ ಲೆಕ್ಕಾಚಾರವೂ ಅದರಲ್ಲಿ ಇತ್ತು. ಅವರಿಗೆ ಅನ್ನ ಒದಗಿಸುವ ಹೊಣೆ ಲೂಪಿಸಿನಸ್ ಮತ್ತು ಮ್ಯಾಕ್ಸಿಮಸ್ ಎಂಬ ಇಬ್ಬರು ಅಧಿಕಾರಿಗಳ ಮೇಲೆ ಬಿತ್ತು. ಅವರು ಮಾಡಿದ್ದೇನು? ಸುತ್ತಮುತ್ತಲ ನಾಯಿಗಳನ್ನು ಹಿಡಿದು ತರಿಸಿ, ಹಸಿದ ಗಾಥರಿಗೆ ನಾಯಿಗೊಂದು ಮಗುವಿನಂತೆ ಮಾರಿ, ಆ ಮಕ್ಕಳನ್ನು ಗುಲಾಮರನ್ನಾಗಿ ಮಾಡಿಕೊಂಡರು. ಇದನ್ನು ಬರೆದವನು ರೋಮಿನ ಶತ್ರುವಲ್ಲ. ಅದರ ಸೈನ್ಯದಲ್ಲಿ ದುಡಿದ ಅಮ್ಮಿಯಾನಸ್ ಮಾರ್ಸೆಲ್ಲಿನಸ್. ಎರಡು ವರ್ಷಗಳ ಅನಂತರ, 378ರ ಆಗಸ್ಟ್ 9ರಂದು, ಅದೇ ಗಾಥರು ಏಡ್ರಿಯಾನೋಪಲಿನ ಬಯಲಿನಲ್ಲಿ ವಾಲೆನ್ಸನನ್ನೂ ಅವನ ಸೈನ್ಯದ ಮೂರರಲ್ಲಿ ಎರಡು ಪಾಲನ್ನೂ ನೆಲಸಮ ಮಾಡಿದರು.

ಅನಂತರದ ಮೂರು ದಶಕಗಳನ್ನು ಬೇಗನೆ ದಾಟಿಬಿಡೋಣ. 395ರಲ್ಲಿ ಥಿಯೋಡೋಸಿಯಸ್ ತೀರಿಕೊಂಡಾಗ ರಾಜ್ಯ ಅವನ ಇಬ್ಬರು ಮಕ್ಕಳಿಗೆ ಹಂಚಿಹೋಯಿತು. ಪೂರ್ವ ಆರ್ಕೇಡಿಯಸನಿಗೆ, ಪಶ್ಚಿಮ ಹೊನೋರಿಯಸನಿಗೆ. 406ರ ಕೊನೆಯ ದಿನ ವ್ಯಾಂಡಲರು, ಆಲನರು, ಸ್ವೇವಿಗಳು ರೈನ್ ನದಿಯನ್ನು ದಾಟಿ ಗಾಲ್ ದೇಶವನ್ನು, ಎಂದರೆ ಇಂದಿನ ಫ್ರಾನ್ಸನ್ನು ಹೊಕ್ಕರು. ಮೂರು ವರ್ಷಗಳಲ್ಲಿ ಸ್ಪೇನನ್ನು ಮುಟ್ಟಿದರು. ಬ್ರಿಟನ್ ಕೈಬಿಟ್ಟಿತು.

408ರಲ್ಲಿ ಗಾಥರ ಅರಸ ಅಲಾರಿಕ್ ರೋಮ್ ನಗರಕ್ಕೇ ಮುತ್ತಿಗೆ ಹಾಕಿದ. ಮುತ್ತಿಗೆಯನ್ನು ತೆಗೆಯಲು ಗೊತ್ತಾದ ಕಪ್ಪದ ವಿವರ ಉಳಿದುಬಂದಿದೆ: 5,000 ಪೌಂಡು ಚಿನ್ನ, 30,000 ಪೌಂಡು ಬೆಳ್ಳಿ, 4,000 ರೇಷ್ಮೆ ನಿಲುವಂಗಿಗಳು, ಕೆಂಪು ಬಣ್ಣ ಹಾಕಿದ 3,000 ತೊಗಲುಗಳು, ಮತ್ತೆ 3,000 ಪೌಂಡು ಮೆಣಸು. ಮೆಣಸು ನಮ್ಮ ಪಶ್ಚಿಮ ಕರಾವಳಿಯ ಸರಕು. ಅದು ಅಷ್ಟು ದೂರ ಹೋಗಿ ಒಂದು ಮಹಾನಗರದ ಪ್ರಾಣಕ್ಕೆ ಬೆಲೆಯಾಯಿತು. ಕಪ್ಪವನ್ನು ಹೊಂದಿಸಲು ದೇವತೆಗಳ ಮೂರ್ತಿಗಳ ಒಡವೆ ಕಳಚಿದರು, ಕೆಲವು ಮೂರ್ತಿಗಳನ್ನೇ ಕರಗಿಸಿದರು. ಕರಗಿಹೋದವುಗಳಲ್ಲಿ ಶೌರ್ಯದೇವತೆಯ ಮೂರ್ತಿಯೂ ಒಂದು.

ಇದನ್ನು ಓದಿ ರೋಮ್ ಬಡವಾಗಿತ್ತೆಂದು ಮರುಗುವ ಮೊದಲು ಇನ್ನೊಂದು ಲೆಕ್ಕವನ್ನು ನೋಡಬೇಕು. ಅದೇ ಕಾಲದ ಒಲಿಂಪಿಯೊಡೋರಸ್ ಎಂಬ ಇತಿಹಾಸಕಾರ ಹೇಳುವಂತೆ ರೋಮಿನ ಹಲವು ಶ್ರೀಮಂತ ಮನೆತನಗಳಿಗೆ ಜಮೀನುಗಳಿಂದ ವರ್ಷಕ್ಕೆ 4,000 ಪೌಂಡು ಚಿನ್ನದ ವರಮಾನವಿತ್ತು. ದವಸ, ದ್ರಾಕ್ಷಾರಸಗಳ ಬೆಲೆ ಅದರ ಮೂರನೆಯ ಒಂದು ಪಾಲಿನಷ್ಟು ಬೇರೆ. ಎಂದರೆ ನಗರವನ್ನು ಉಳಿಸಲು ಬೇಕಾದ ಅಷ್ಟೂ ಚಿನ್ನ ಅಂಥ ಒಂದು ಮನೆಯ ಒಂದು ವರ್ಷದ ಹುಟ್ಟುವಳಿಯನ್ನು ಮೀರುತ್ತಿರಲಿಲ್ಲ. ಸಿಮ್ಮಾಕಸ್ ಎಂಬ ಸೆನೆಟರು ತನ್ನ ಮಗನಿಗೆ ಅಧಿಕಾರ ದೊರೆತ ಸಂಭ್ರಮದ ಆಟೋಟಗಳಿಗೆಂದು 2,000 ಪೌಂಡು ಚಿನ್ನ ಖರ್ಚುಮಾಡಿದ್ದ. ಹಣ ಇತ್ತು. ಬೊಕ್ಕಸದಲ್ಲಿ ಇರಲಿಲ್ಲ, ಅಷ್ಟೆ.

ಕಪ್ಪ ಸಂದರೂ ಸಂಧಾನ ಮುರಿಯಿತು. 410ರ ಆಗಸ್ಟ್ 24ರಂದು ಅಲಾರಿಕ್ ಒಳನುಗ್ಗಿ ಮೂರು ದಿನ ನಗರವನ್ನು ಸೂರೆಮಾಡಿದ. ದೂರದ ಬೆತ್ಲೆಹೆಮಿನಲ್ಲಿ ಸಂತ ಜೆರೋಮ್ ಕಣ್ಣೀರಿಟ್ಟ. ಆಫ್ರಿಕದಲ್ಲಿ ಸಂತ ಅಗಸ್ಟೀನ್ ‘ದೇವನಗರ’ವೆಂಬ 22 ಭಾಗಗಳ ಗ್ರಂಥಕ್ಕೆ ಕೈಹಾಕಿದ. ರವೆನ್ನಾದ ಜವುಗು ನೆಲದ ನಡುವೆ ಸುರಕ್ಷಿತವಾಗಿದ್ದ ಹೊನೋರಿಯಸ್, ‘ರೋಮ್ ಹೋಯಿತು’ ಎಂದಾಗ ಆ ಹೆಸರಿನ ತನ್ನ ಕೋಳಿಯೇ ಸತ್ತಿತೆಂದು ಹೌಹಾರಿದ, ಹೋದದ್ದು ನಗರವೆಂದು ತಿಳಿದ ಮೇಲೆ ಸಮಾಧಾನಗೊಂಡ ಎಂದು ಪ್ರೊಕೋಪಿಯಸ್ ನೂರು ವರ್ಷಗಳಾಚೆ ಒಂದು ಕಥೆ ಹೇಳುತ್ತಾನೆ. ಕಥೆ ನಿಜವಿರಲಾರದು, ಆದರೆ ಜನ ಅದನ್ನು ನಂಬಲು ಸಿದ್ಧರಿದ್ದರೆಂಬುದು ನಿಜ. 417ರಲ್ಲಿ ಗಾಲ್ ದೇಶದ ತನ್ನ ಊರಿಗೆ ಹೊರಟ ಕವಿ ರುಟಿಲಿಯಸ್ ಸಮುದ್ರಮಾರ್ಗವನ್ನು ಹಿಡಿಯಬೇಕಾಯಿತು. ರೋಮನರ ಹೆಸರಾಂತ ರಸ್ತೆಗಳು ಹಾಳಾಗಿದ್ದವು, ಸೇತುವೆಗಳು ಮುರಿದಿದ್ದವು.

ಆದರೂ ಸಾಮ್ರಾಜ್ಯ ಸತ್ತಿರಲಿಲ್ಲ. ಒಂದು ಪ್ರಾಂತ ಮಾತ್ರ ಇಷ್ಟೆಲ್ಲದರಿಂದ ದೂರ ಉಳಿದು ಪಶ್ಚಿಮವನ್ನು ಸಾಕುತ್ತಿತ್ತು. ಅದು ಇಂದಿನ ಟ್ಯುನೀಷಿಯ, ಅಲ್ಜೀರಿಯಗಳಿರುವ ಉತ್ತರ ಆಫ್ರಿಕ. ನಾವು ಮರುಭೂಮಿಯೆಂದು ನೆನೆಯುವ ಆ ದಿಕ್ಕು ಆಗ ಗೋಧಿಯ ಕಣಜ, ಎಣ್ಣೆಯ ಗಾಣ. ಈಜಿಪ್ಟಿನ ಧಾನ್ಯ ಕಾನ್‌ಸ್ಟಾಂಟಿನೋಪಲಿಗೆ ಹೋಗತೊಡಗಿದ ಮೇಲೆ ರೋಮಿನ ಜನ ಉಣ್ಣುತ್ತಿದ್ದುದು ಆಫ್ರಿಕದ ಅನ್ನವನ್ನು. ನಡುವೆ ಸಮುದ್ರವಿದ್ದುದರಿಂದ ಬರ್ಬರರ ಭಯವಿಲ್ಲ. ಗಡಿಯಲ್ಲಿ ದೊಡ್ಡ ಶತ್ರುವಿಲ್ಲದ ಕಾರಣ ಸೈನ್ಯದ ಖರ್ಚೂ ಕಡಮೆ. ಅಲ್ಲಿಂದ ಬಂದ ಕಂದಾಯ ಯೂರೋಪಿನ ಗಡಿಗಳ ಸಂಬಳವಾಗುತ್ತಿತ್ತು.

ಇದನ್ನು ಎಲ್ಲರಿಗಿಂತ ಚೆನ್ನಾಗಿ ಅರಿತವನು ರೋಮಿನ ಮಂತ್ರಿಯಲ್ಲ, ವ್ಯಾಂಡಲರ ಕುಂಟ ಅರಸ ಗಾಯ್ಸರಿಕ್. 429ರಲ್ಲಿ ಅವನು ತನ್ನ ಜನರನ್ನೆಲ್ಲ, 80,000 ಮಂದಿಯೆಂದು ಹೇಳಿಕೆ, ದೋಣಿಗಳಲ್ಲಿ ತುಂಬಿಕೊಂಡು ಸ್ಪೇನಿನಿಂದ ಜಿಬ್ರಾಲ್ಟರ್ ಜಲಸಂಧಿಯನ್ನು ದಾಟಿದ. ಮರುವರ್ಷ ಅವರು ಹಿಪ್ಪೋ ನಗರವನ್ನು ಮುತ್ತಿದ್ದಾಗ ಒಳಗೆ ಅಗಸ್ಟೀನ್ ಪ್ರಾಣಬಿಟ್ಟ. 435ರಲ್ಲಿ ಒಪ್ಪಂದವಾಯಿತು. 439ರ ಅಕ್ಟೋಬರ್ 19ರಂದು ಒಪ್ಪಂದವನ್ನು ಗಾಳಿಗೆ ತೂರಿ ಗಾಯ್ಸರಿಕ್ ಕಾರ್ಥೇಜನ್ನು ಹಿಡಿದ. ಅದನ್ನು ಬಿಡಿಸಲು ಪೂರ್ವದ ಚಕ್ರವರ್ತಿ ಸಿಸಿಲಿಗೆ ನೌಕಾಪಡೆಯನ್ನು ಕಳುಹಿಸಿದನಾದರೂ, 441ರಲ್ಲಿ ಅಟಿಲನ ಹೂಣರು ಡ್ಯಾನ್ಯೂಬನ್ನು ದಾಟಿದ್ದರಿಂದ ಪಡೆ ಬಂದ ದಾರಿಯಲ್ಲೇ ಹಿಂದಿರುಗಿತು.

ರೋಮ್ ನಗರದ ಸೂರೆ ಮಾನಭಂಗ. ಕಾರ್ಥೇಜಿನ ಪತನ ಅನ್ನಭಂಗ. ಸಾಮ್ರಾಜ್ಯದ ಮರಣದ ದಿನವೊಂದನ್ನು ಹೇಳಲೇಬೇಕೆಂದರೆ ನಾನು ಈ 439ರ ದಿನವನ್ನೇ ಹೇಳುವೆ. ಐದೇ ವರ್ಷಗಳಲ್ಲಿ ಇದಕ್ಕೆ ಚಕ್ರವರ್ತಿಯ ಬಾಯಿಂದಲೇ ಸಾಕ್ಷ್ಯ ಹೊರಟಿತು. 444ರಲ್ಲಿ ಮೂರನೆಯ ವಾಲೆಂಟಿನಿಯನ್ ಹೊರಡಿಸಿದ ಶಾಸನವೊಂದರಲ್ಲಿ, ತೆರಿಗೆದಾರರು ಬಳಲಿಹೋಗಿದ್ದಾರೆ, ಬರುವ ಹಣ ಹೊಸ ಸೈನಿಕರಿಗಿರಲಿ ಹಳೆಯ ಸೈನಿಕರ ಊಟಬಟ್ಟೆಗೂ ಸಾಲದು ಎಂಬ ಒಪ್ಪಿಗೆಯಿದೆ. ಜಂಬಕ್ಕೆ ಹೆಸರಾದ ರೋಮನ್ ಶಾಸನಗಳಲ್ಲಿ ಇಂಥ ಮಾತು ಅಪರೂಪ. ಪರಿಹಾರವೇನು? ಮಾರಾಟದ ಮೇಲೆ ಹೊಸ ತೆರಿಗೆ, ಇಪ್ಪತ್ತನಾಲ್ಕರಲ್ಲಿ ಒಂದು ಪಾಲು.

ಪ್ರಾಂತಗಳು ಕಡಮೆಯಾದಂತೆ ಉಳಿದವರ ಮೇಲೆ ಹೊರೆ ಹೆಚ್ಚಿತು. ಬಲ್ಲಿದರು ವಿನಾಯಿತಿ ಪಡೆದರು. ಬಡವರು ಹೊಲವನ್ನು ಬಲ್ಲಿದರಿಗೆ ಒಪ್ಪಿಸಿ ಅವರ ಆಳುಗಳಾದರು, ಇಲ್ಲವೇ ಬರ್ಬರರ ರಾಜ್ಯಕ್ಕೆ ಓಡಿದರು. ಮಾರ್ಸೇಲ್ಸಿನ ಪಾದ್ರಿ ಸಾಲ್ವಿಯನ್ ಇದನ್ನು ಕಟುವಾಗಿ ಬರೆದಿದ್ದಾನೆ. ಪಾದ್ರಿಯ ಮಾತಿನಲ್ಲಿ ಉಪದೇಶದ ಉಪ್ಪು ಹೆಚ್ಚಿರಬಹುದು. ಪ್ರಿಸ್ಕಸ್ ಎಂಬ ಗ್ರೀಕ್ ವಿದ್ವಾಂಸ ಹೇಳುವ ಪ್ರಸಂಗದ ರುಚಿ ಬೇರೆ. ಅವನು 449ರಲ್ಲಿ ಪೂರ್ವದ ಚಕ್ರವರ್ತಿಯ ದೂತರೊಡನೆ ಅಟಿಲನ ಬಿಡಾರಕ್ಕೆ ಹೋಗಿದ್ದ. ಅಲ್ಲಿ ಹೂಣರಂತೆ ಉಡುಪು ತೊಟ್ಟ ಒಬ್ಬ ಮನುಷ್ಯ ಶುದ್ಧ ಗ್ರೀಕ್ ಭಾಷೆಯಲ್ಲಿ ನಮಸ್ಕಾರವೆಂದ. ವಿಚಾರಿಸಿದರೆ, ಅವನು ಡ್ಯಾನ್ಯೂಬ್ ತೀರದ ವಿಮಿನಾಕಿಯಮ್ ಪಟ್ಟಣದಲ್ಲಿದ್ದ ವರ್ತಕ. ಊರು ಹೂಣರ ವಶವಾದಾಗ ಸೆರೆಸಿಕ್ಕಿ, ಅವರ ಪರವಾಗಿ ಹೋರಾಡಿ ಬಿಡುಗಡೆ ಪಡೆದು, ಅಲ್ಲಿಯೇ ಸಂಸಾರ ಹೂಡಿದ್ದ. ಮರಳಿ ಹೋಗುವ ಮನಸ್ಸು ಅವನಿಗಿಲ್ಲ. ರೋಮನರಲ್ಲಿ ಯುದ್ಧಕ್ಕಿಂತ ಶಾಂತಿಕಾಲವೇ ಹೆಚ್ಚು ಕಷ್ಟ, ತೆರಿಗೆ ವಿಪರೀತ. ನ್ಯಾಯಾಲಯದಲ್ಲಿ ಹಣವಂತ ತಪ್ಪುಮಾಡಿದರೂ ದಾಟಿಕೊಳ್ಳುತ್ತಾನೆ, ಬಡವ ವ್ಯಾಜ್ಯ ತೀರುವ ಮೊದಲೇ ತೀರಿಹೋಗುತ್ತಾನೆ. ನ್ಯಾಯವನ್ನು ದುಡ್ಡು ಕೊಟ್ಟು ಕೊಳ್ಳಬೇಕು ಎಂದ. ಪ್ರಿಸ್ಕಸ್ ರೋಮಿನ ಕಾನೂನಿನ ಹಿರಿಮೆಯನ್ನು ಉದ್ದಕ್ಕೆ ವಿವರಿಸಿದ. ಕೇಳುತ್ತ ಕೇಳುತ್ತ ಆ ಮನುಷ್ಯನ ಕಣ್ಣಲ್ಲಿ ನೀರು ಬಂತು. ಕಾನೂನು ಒಳ್ಳೆಯದೇ, ಆ ರಾಜ್ಯವೂ ಒಳ್ಳೆಯದೇ. ಆಳುವವರು ಹಿಂದಿನವರಂತೆ ಅದನ್ನು ಚಿಂತಿಸದೆ ಕೆಡಿಸುತ್ತಿದ್ದಾರೆ ಎಂದನಂತೆ. ಹೂಣರ ಅಂಗಿ ತೊಟ್ಟು ರೋಮಿಗಾಗಿ ಅತ್ತ ಈ ಅನಾಮಿಕ ವರ್ತಕನೂ ಸಂಬಳಕ್ಕಾಗಿ ಹೊರಟ ಆ ಸೈನಿಕರೂ ಒಂದೇ ನದಿಯ ದಂಡೆಯವರು.

ಉಳಿಸಲು ಹೆಣಗಿದವರು ಇರಲಿಲ್ಲವೆಂದಲ್ಲ. ಏಷಿಯಸ್ ಎಂಬ ಸೇನಾನಿ 451ರಲ್ಲಿ ಗಾಥರ ನೆರವಿನಿಂದ ಅಟಿಲನನ್ನು ತಡೆದ. ಮೂರು ವರ್ಷಗಳಲ್ಲಿ ವಾಲೆಂಟಿನಿಯನ್ ತನ್ನ ಕೈಯಾರೆ ಅವನನ್ನು ಕೊಂದ, ಮರುವರ್ಷ ತಾನೂ ಕೊಲೆಯಾದ. 455ರಲ್ಲಿ ಗಾಯ್ಸರಿಕ್ ಹಡಗಿನಲ್ಲಿ ಬಂದು ರೋಮನ್ನು 14 ದಿನ ಸೂರೆಮಾಡಿ, ಜ್ಯೂಪಿಟರ್ ದೇವಾಲಯದ ಚಿನ್ನದ ಮುಲಾಮಿನ ಮಾಡಿನ ಅರ್ಧವನ್ನು ಕಿತ್ತೊಯ್ದ. ಮೇಜೋರಿಯನ್ ಎಂಬ ಯೋಗ್ಯ ಚಕ್ರವರ್ತಿ ಆಫ್ರಿಕವನ್ನು ಮರಳಿ ಪಡೆಯಲು ಸ್ಪೇನಿನ ಕರಾವಳಿಯಲ್ಲಿ ಹಡಗುಗಳನ್ನು ಕೂಡಿಸಿದ. 460ರಲ್ಲಿ ವ್ಯಾಂಡಲರು ಅವನ್ನು ಅಲ್ಲಿಯೇ ಹಾಳುಗೆಡವಿದರು, ಮರುವರ್ಷ ಅವನ ಸೇನಾಪತಿಯೇ ಅವನನ್ನು ಮುಗಿಸಿದ. ಕೊನೆಯ ಪ್ರಯತ್ನ ಪೂರ್ವದ ಚಕ್ರವರ್ತಿ ಲಿಯೋನದು. 468ರಲ್ಲಿ ಸಾವಿರಕ್ಕೂ ಮಿಕ್ಕ ಹಡಗುಗಳು ಹೊರಟವು. ಒಂದು ಲೆಕ್ಕದಂತೆ ಖರ್ಚಾದ ಚಿನ್ನವೇ 64,000 ಪೌಂಡು. ಗಾಯ್ಸರಿಕ್ ಐದು ದಿನಗಳ ಗಡುವು ಬೇಡಿ, ಗಾಳಿ ತಿರುಗಿದೊಡನೆ ಉರಿಯುವ ಹಡಗುಗಳನ್ನು ಅವುಗಳ ನಡುವೆ ತೇಲಿಬಿಟ್ಟ. ಅಲ್ಲಿಗೆ ಆಫ್ರಿಕದ ಆಸೆ ಸುಟ್ಟು ಬೂದಿಯಾಯಿತು. ಮೇಲೆ ಹೇಳಿದೆನಲ್ಲ, ಎರಡನೆಯ ಸಲ ಏಕೆ ಕೂಡಿಕೊಳ್ಳಲಿಲ್ಲವೆಂದು: ಮೂರನೆಯ ಶತಮಾನದಲ್ಲಿ ಕೈತಪ್ಪಿದ ಪ್ರಾಂತಗಳು ಮರಳಿ ಬಂದವು, ಈ ಸಲ ಮರಳಲಿಲ್ಲ.

ಭೋಗಲಾಲಸೆಯಿಂದ ರೋಮ್ ಕೆಟ್ಟಿತು ಎಂಬುದು ನಮ್ಮಲ್ಲಿ ಬಹಳ ಪ್ರಚಾರದಲ್ಲಿರುವ ಮಾತು. ನೀತಿಪಾಠಕ್ಕೆ ಅದು ಒದಗುತ್ತದೆ. ಆದರೆ ಆ ಪ್ರಸಿದ್ಧ ಔತಣಗಳು ರೋಮ್ ಬೆಳೆಯುತ್ತಿದ್ದ ದಿನಗಳವು. ಬೀಳುತ್ತಿದ್ದ ದಿನಗಳಲ್ಲಿ ಅದು ಉಪವಾಸ ಮಾಡುವ ಸಂತರ ನಾಡಾಗಿತ್ತು. ಕ್ರೈಸ್ತಮತವೇ ರೋಮಿನ ಕೆಚ್ಚನ್ನು ಕುಗ್ಗಿಸಿತೆಂದು ಗಿಬ್ಬನ್ ಸೂಚಿಸಿದ್ದಾನೆ. ಹಾಗಾದರೆ ಪಶ್ಚಿಮಕ್ಕಿಂತ ಹೆಚ್ಚು ಕ್ರೈಸ್ತವಾಗಿದ್ದ ಪೂರ್ವ ಸಾಮ್ರಾಜ್ಯ ಇನ್ನೂ ಸಾವಿರ ವರ್ಷ, 1453ರವರೆಗೆ, ನಿಂತದ್ದು ಹೇಗೆ? ಪೂರ್ವಕ್ಕೆ ಈಜಿಪ್ಟ್, ಸಿರಿಯ, ಏಷ್ಯಾಮೈನರ್‌ಗಳ ಕಂದಾಯ ತಪ್ಪಲಿಲ್ಲ. ಬಾಸ್ಪೊರಸ್ ಜಲಸಂಧಿಯೂ ಕಾನ್‌ಸ್ಟಾಂಟಿನೋಪಲಿನ ಕೋಟೆಯೂ ಅದನ್ನು ಕಾಪಾಡಿದವು. ಅಲ್ಲಿ ಸೈನಿಕರ ಸಂಬಳ ಬರುತ್ತಲೇ ಇತ್ತು.

ಈಚಿನ ಕೆಲವು ವಿದ್ವಾಂಸರು ‘ಪತನ’ವೆಂಬ ಮಾತನ್ನೇ ಒಪ್ಪುವುದಿಲ್ಲ, ಅದು ಬರಿಯ ಪರಿವರ್ತನೆ, ಹಳೆಯದು ಮೆಲ್ಲನೆ ಹೊಸದಾದದ್ದು ಎನ್ನುತ್ತಾರೆ. ಭಾಷೆ, ಧರ್ಮ, ಕಾನೂನುಗಳ ಮಟ್ಟಿಗೆ ಇದರಲ್ಲಿ ಹುರುಳಿದೆ. ಆದರೆ ಮಣ್ಣನ್ನು ಅಗೆದವರು ಬೇರೊಂದು ಕಥೆ ಹೇಳುತ್ತಾರೆ. ರೋಮನರ ಕಾಲದಲ್ಲಿ ಸಾಮಾನ್ಯ ರೈತನ ಮನೆಗೂ, ದನದ ಕೊಟ್ಟಿಗೆಗೂ ಹೆಂಚಿನ ಮಾಡಿತ್ತು. ಆಮೇಲೆ ಹಲವೆಡೆ ಹುಲ್ಲು ಬಂತು. ಬ್ರಿಟನ್ನಿನಲ್ಲಿ ಕುಂಬಾರನ ತಿಗರಿಯೇ ಮರೆಯಾಗಿ, ಮಡಕೆಗಳನ್ನು ಕೈಯಿಂದ ತಟ್ಟುವ ಕಾಲ ಮರಳಿತು. ಸಿಕ್ಕಿದ ಎಲುಬುಗಳನ್ನು ಅಳೆದರೆ ದನಗಳು ಕೂಡ ಗಿಡ್ಡವಾಗಿದ್ದವು. ಗ್ರೀನ್‌ಲೆಂಡಿನ ಹಿಮದ ಪದರಗಳಲ್ಲಿ ರೋಮನ್ ಕುಲುಮೆಗಳ ಸೀಸದ ಹೊಗೆಯ ಕುರುಹು ಉಳಿದಿದೆ. ಸಾಮ್ರಾಜ್ಯ ಕುಂದಿದಂತೆ ಆ ಕುರುಹೂ ಕುಂದುತ್ತದೆ. ಮಾಡಿನ ಹೆಂಚು ಹೋದವನಿಗೆ ಪರಿವರ್ತನೆಯೆಂಬ ಪದ ಎಷ್ಟು ಸಮಾಧಾನ ಕೊಟ್ಟೀತು?

ಇನ್ನು 476ಕ್ಕೆ ಬರೋಣ. ಪ್ರಿಸ್ಕಸ್ ಅಟಿಲನ ಬಿಡಾರಕ್ಕೆ ಪಯಣಿಸಿದಾಗ ಅವನ ತಂಡದ ಜೊತೆಯಲ್ಲಿ ಅಟಿಲನ ಇಬ್ಬರು ನಂಬಿಕೆಯವರಿದ್ದರು. ಒಬ್ಬ ಒರೆಸ್ಟಿಸ್, ಅಟಿಲನ ಬರಹಗಾರ. ಇನ್ನೊಬ್ಬ ಎಡಿಕೋ ಎಂಬ ಯೋಧ. ಅವರಿಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಆಗದು. ಅಟಿಲ ಸತ್ತ ಮೇಲೆ ಒರೆಸ್ಟಿಸ್ ಇಟಲಿಗೆ ಬಂದು ಸೇನಾಪತಿಯಾದ. 475ರಲ್ಲಿ ಚಕ್ರವರ್ತಿ ನೇಪೋಸನನ್ನು ಓಡಿಸಿ ತನ್ನ ಮಗನನ್ನು ಪಟ್ಟಕ್ಕೆ ಏರಿಸಿದ. ಅವನೇ ನಮ್ಮ ರೋಮುಲಸ್. ಅವನನ್ನು ಇಳಿಸಿದ ಒಡೊಏಸರನ ತಂದೆ ಆ ಎಡಿಕೋನೇ ಎಂದು ಅನೇಕ ವಿದ್ವಾಂಸರ ಅಭಿಪ್ರಾಯ.

ಜಗಳ ಹುಟ್ಟಿದ್ದಾದರೂ ಯಾವುದರಿಂದ? ಆಗ ಇಟಲಿಯ ಸೈನ್ಯವೆಂದರೆ ಹೆರೂಲಿ, ಸ್ಕಿರಿ ಮೊದಲಾದ ಕುಲಗಳ ಕೂಲಿಯಾಳುಗಳು. ತಮಗೆ ಇಟಲಿಯ ಭೂಮಿಯಲ್ಲಿ ಮೂರರಲ್ಲಿ ಒಂದು ಪಾಲು ಬೇಕೆಂದು ಅವರು ಕೇಳಿದರು. ಸಂಬಳಕ್ಕೆ ನಂಬಿಕೆಯಿಲ್ಲದ ಕಡೆ ಆಳು ನೆಲವನ್ನೇ ಕೇಳುತ್ತಾನೆ. ಒರೆಸ್ಟಿಸ್ ಒಪ್ಪಲಿಲ್ಲ. ತಾನು ಕೊಡಿಸುವೆನೆಂದ ಒಡೊಏಸರನನ್ನು 476ರ ಆಗಸ್ಟ್ 23ರಂದು ಸೈನಿಕರು ತಮ್ಮ ಅರಸನೆಂದು ಸಾರಿದರು. ಐದು ದಿನಗಳಲ್ಲಿ ಒರೆಸ್ಟಿಸ್ ಕೊಲೆಯಾದ. ಮತ್ತೊಂದು ವಾರದಲ್ಲಿ ಮಗನ ಆಳ್ವಿಕೆ ಮುಗಿಯಿತು. ಪಶ್ಚಿಮದ ರಾಜಲಾಂಛನಗಳನ್ನು ಕಾನ್‌ಸ್ಟಾಂಟಿನೋಪಲಿಗೆ ಕಳುಹಿಸಲಾಯಿತು. ಎರಡು ಕಡೆಗೂ ಒಬ್ಬ ಚಕ್ರವರ್ತಿ ಸಾಕೆಂದು ಸೆನೆಟಿನ ದೂತರು ಅಲ್ಲಿ ಬಿನ್ನವಿಸಿದರು.

ಈ ಒಡೊಏಸರ್ ಯೂಗಿಪ್ಪಿಯಸನ ಪುಸ್ತಕದಲ್ಲಿಯೂ ಬರುತ್ತಾನೆ. ಅದೃಷ್ಟವನ್ನು ಹುಡುಕಿಕೊಂಡು ಇಟಲಿಗೆ ಹೊರಟ ತರುಣನಾಗಿದ್ದಾಗ, ಬಡಕಲು ತೊಗಲುಡುಪಿನಲ್ಲಿ, ಸೆವೆರಿನಸನ ಆಶೀರ್ವಾದ ಪಡೆಯಲು ಬಂದ. ಆಳು ಎತ್ತರ, ಗುಡಿಸಲ ಮಾಡು ತೀರ ತಗ್ಗು. ತಲೆ ಬಾಗಿಸಿಯೇ ನಿಂತ. ಹೋಗು, ಇಂದು ಈ ತೊಗಲನ್ನು ತೊಟ್ಟಿದ್ದೀಯೆ, ನಾಳೆ ಹಲವರಿಗೆ ದಾನ ಕೊಡುವವನಾಗುತ್ತೀಯೆ ಎಂದು ಸೆವೆರಿನಸ್ ಹರಸಿದನಂತೆ.

488ರಲ್ಲಿ, ಇಟಲಿಯ ದೊರೆಯಾಗಿದ್ದ ಅದೇ ಒಡೊಏಸರ್, ಡ್ಯಾನ್ಯೂಬ್ ದಂಡೆಯನ್ನು ಕಾಯುವುದು ಇನ್ನು ಆಗದೆಂದು ಅಲ್ಲಿನ ರೋಮನರೆಲ್ಲ ಇಟಲಿಗೆ ಬರಬೇಕೆಂದು ಅಪ್ಪಣೆಮಾಡಿದ. ಶಿಷ್ಯರು ಸೆವೆರಿನಸನ ಗೋರಿಯನ್ನು ತೆರೆದು ಪೆಟ್ಟಿಗೆಯನ್ನು ಗಾಡಿಯ ಮೇಲೆ ಇಟ್ಟುಕೊಂಡು, ಉಳಿದವರೊಡನೆ ಪರ್ವತ ದಾಟಿ ನಡೆದರು. ಕೆಲವು ವರ್ಷಗಳ ಮೇಲೆ ಬಾರ್ಬಾರಿಯ ಎಂಬ ಕುಲೀನ ಸ್ತ್ರೀ ಆ ಅಸ್ಥಿಗಳಿಗೆ ನೆಲೆ ಕೊಟ್ಟಳು. ಅವಳು ರೋಮುಲಸನ ತಾಯಿಯೇ ಇರಬೇಕೆಂದು ಊಹಿಸುವ ವಿದ್ವಾಂಸರಿದ್ದಾರೆ. ನೆಲೆ ಕೊಟ್ಟ ಜಾಗ ನೇಪಲ್ಸ್ ಬಳಿಯ ಲುಕುಲ್ಲಾನಮ್, ಒಡೊಏಸರ್ ಆ ಹುಡುಗನನ್ನು ಕಳುಹಿಸಿದ್ದ ಅದೇ ಕೋಟೆಮನೆ. ಅಲ್ಲಿ ಎದ್ದ ಮಠದಲ್ಲಿ ಕುಳಿತು ಯೂಗಿಪ್ಪಿಯಸ್, ಬಟಾವಿಸಿನ ಸೈನಿಕರು ಕೊನೆಯ ಸಂಬಳಕ್ಕೆ ಹೋಗಿ ಹೊಳೆಯಲ್ಲಿ ತೇಲಿಬಂದ ಸಂಗತಿಯನ್ನು ಬರೆದಿಟ್ಟ.